ಹಿಂದಿನ ಸೀಟಿನಲ್ಲಿ ಕೇಳಿಸಿದ್ದು

ಅಣ್ಣ ತೀರಿಕೊಂಡು ಎರಡು ತಿಂಗಳಾಯಿತು. ಅವನನ್ನು ಮಣ್ಣು ಮಾಡಿ ಬಂದ ಸಂಜೆ ನಮ್ಮ ಶೆಡ್ಡಿನ ಬಾಗಿಲಲ್ಲಿ ಇಬ್ಬರು ಹಳೇ ಗಿರಾಕಿಗಳು ನಿಂತು ಮಾತಾಡಿಕೊಳ್ಳುತ್ತಿದ್ದರು. "ಒಳ್ಳೇ ಕೆಲಸಗಾರ ಕಣ್ರೀ. ಆದ್ರೆ ಕಿವಿ ಹೋಗಿದ್ದನ್ನ ಮುಚ್ಚಿಟ್ಟ. ಆ ಹಲ್ಲಿನ ಡಾಕ್ಟ್ರ ಕೈ ಹೋಗಿದ್ದು ಅದರಿಂದಲೇ." ನಾನು ಅವರಿಂದ ಒಂದು ಮಾರು ದೂರದಲ್ಲಿ ಕುರ್ಚಿಗಳನ್ನು ಒಳಗೆ ಎತ್ತಿಡುತ್ತಿದ್ದೆ. ಬಾಯಿ ಬಿಡಲಿಲ್ಲ. ಬಾಯಿ ಬಿಡದೆ ಇರುವುದರಲ್ಲಿ ನನ್ನನ್ನು ಮೀರಿಸುವವರು ಈ ಬೀದಿಯಲ್ಲಿ ಯಾರೂ ಇಲ್ಲ. ಅವರು ಹೇಳಿದ್ದು ಸುಳ್ಳಲ್ಲ, ಅರ್ಧ ಮಾತ್ರ. ಮಿಕ್ಕ ಅರ್ಧ ಆರು ವರ್ಷದಿಂದ ನನ್ನ ಹತ್ತಿರ ಇದೆ. ಅದನ್ನು ಹೇಳದೆ ಹೋದರೆ ಅಣ್ಣನ ಹೆಸರಿಗೆ ಮೆತ್ತಿದ ಮಸಿ ಹಾಗೇ ಉಳಿಯುತ್ತದೆ.

ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಕಿವಿ ಮೇಷ್ಟ್ರು ಅಂತ. ನನ್ನನ್ನು ವೈರು ಅಂತ. ಉದ್ದನೆಯ ತಗಡಿನ ಶೆಡ್ಡು ನಮ್ಮದು. ಎಡಗಡೆ ಗಾಡಿ ನಿಲ್ಲಿಸಿ ಕೆಳಗಿಳಿದು ನೋಡುವ ಗುಂಡಿ, ಅದು ಅವನ ರಾಜ್ಯ. ಬಲಗಡೆ ಬ್ಯಾಟರಿ, ಡೈನಮೋ, ವೈರಿನ ಸುರುಳಿಗಳ ನಡುವೆ ನನ್ನ ಬೆಂಚು. ಮಧ್ಯೆ ಇಬ್ಬರಿಗೂ ಸೇರಿದ್ದು ಒಂದೇ ಒಂದು ಸಿಂಕು, ಕಪ್ಪು ಬಣ್ಣ ಎಂದೂ ಬಿಡದ ಒಂದು ಸೋಪು. ಎಂಜಿನ್ನಿಗೆ ಏನೇ ಕಾಯಿಲೆ ಬಂದರೂ ಅಣ್ಣ ಮೊದಲು ಪಾನಾ ಹಿಡಿಯುತ್ತಿರಲಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿನ ಮೈಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು, ಕಣ್ಣು ಮುಚ್ಚುತ್ತಿದ್ದ. ಗಿರಾಕಿ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದ. ಒಂದು ನಿಮಿಷ ಬಿಟ್ಟು ಅಣ್ಣ ಕಣ್ಣು ತೆರೆದು, "ಎರಡನೇ ಸಿಲಿಂಡರು. ವಾಲ್ವು ಸುಟ್ಟಿದೆ," ಎನ್ನುತ್ತಿದ್ದ. ಬಿಚ್ಚಿ ನೋಡಿದರೆ ಅದೇ. ನಾನು ಕಂಡಂತೆ ಇಪ್ಪತ್ತು ವರ್ಷದಲ್ಲಿ ಅದು ತಪ್ಪಿದ್ದು ಎರಡು ಸಲ, ಆ ಎರಡಕ್ಕೂ ಅವನು ಒಂದೊಂದು ದಿನ ಊಟ ಬಿಟ್ಟಿದ್ದ.

ಕೆಟ್ಟ ಬಾಯಿ. ಗಾಡಿಯನ್ನು ಎಂದೂ ಬೈಯುತ್ತಿರಲಿಲ್ಲ, ಗಾಡಿಯ ಯಜಮಾನನನ್ನು ಬೈಯುತ್ತಿದ್ದ. "ಆರು ತಿಂಗಳಿಂದ ಇದು ಅಳ್ತಾ ಇದೆ, ರೇಡಿಯೋ ಸೌಂಡ್ ಜಾಸ್ತಿ ಮಾಡ್ಕೊಂಡು ಓಡ್ಸಿದ್ದೀರಿ," ಎಂದು ಒಬ್ಬ ವಕೀಲರಿಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಆ ವಕೀಲರು ಮರು ವರ್ಷ ತಮ್ಮ ಮಾವನ ಗಾಡಿಯನ್ನೂ ತಂದರು. ಬೈಸಿಕೊಳ್ಳುವುದಕ್ಕೂ ಜನ ದೂರದಿಂದ ಬರುತ್ತಿದ್ದರು ಅಂದರೆ ಅವನ ಕಿವಿಯ ಮೇಲಿದ್ದ ನಂಬಿಕೆ ಅಂಥದ್ದು.

ಅಪ್ಪ ಹೋದಾಗ ನನಗೆ ಒಂಬತ್ತು, ಅವನಿಗೆ ಹತ್ತೊಂಬತ್ತು. ನನ್ನನ್ನು ಓದಿಸಿದವನು, ವೈರಿಂಗ್ ಕೆಲಸಕ್ಕೆ ಕಳಿಸಿ ಕಲಿಸಿದವನು, ಕೊನೆಗೆ ತನ್ನ ಶೆಡ್ಡಿನಲ್ಲೇ ಅರ್ಧ ಜಾಗ ಕೊಟ್ಟವನು ಅವನೇ. ಸೇರಿದ ಮೊದಲ ತಿಂಗಳಲ್ಲಿ ನಾನು ಒಂದು ಎಡವಟ್ಟು ಮಾಡಿದೆ. ಒಂದು ವ್ಯಾನು ಸ್ಟಾರ್ಟ್ ಆಗುತ್ತಿರಲಿಲ್ಲ. ಅಣ್ಣ ಎಂಜಿನ್ನಿನದೇ ತೊಂದರೆ ಎಂದ. ನಾನು ಗಿರಾಕಿಯ ಎದುರಿಗೇ, "ಅಲ್ಲ ಬಿಡಣ್ಣ, ಸ್ಟಾರ್ಟರ್ ಮೋಟಾರು," ಎಂದೆ. ಗಿರಾಕಿ ನಮ್ಮಿಬ್ಬರ ಮುಖವನ್ನೂ ನೋಡಿದ, ವ್ಯಾನನ್ನು ತಳ್ಳಿಸಿಕೊಂಡು ಎದುರಿನ ಗ್ಯಾರೇಜಿಗೆ ಹೋದ. ಅಣ್ಣ ಕೂಗಾಡಲಿಲ್ಲ. ಸಿಂಕಿನ ಹತ್ತಿರ ಕೈ ತೊಳೆಯುತ್ತ ಹೇಳಿದ: "ಒಳಗೆ ಎಷ್ಟು ಬೇಕಾದ್ರೂ ಜಗಳ ಆಡು, ಬೇಕಾದ್ರೆ ಹೊಡಿ. ಗಿರಾಕಿ ಮುಂದೆ ಮಾತ್ರ ನಾವಿಬ್ರೂ ಒಂದೇ ಬಾಯಿ. ನಾನು ಹಗಲನ್ನ ರಾತ್ರಿ ಅಂದ್ರೂ ನೀನು ದೀಪ ಹಾಕ್ಬೇಕು." ಅಂದಿನಿಂದ ಅದು ನಮ್ಮ ಶೆಡ್ಡಿನ ಕಾನೂನಾಯಿತು. ನಾನು ಅದನ್ನು ಒಂದು ದಿನವೂ ಮುರಿಯಲಿಲ್ಲ. ಅವನೂ ಮುರಿಯಲಿಲ್ಲ. ನನ್ನ ವೈರಿಂಗಿನಿಂದ ಒಬ್ಬರ ಗಾಡಿಯ ಡ್ಯಾಶ್‌ಬೋರ್ಡು ಸುಟ್ಟಾಗಲೂ ಗಿರಾಕಿ ಎದುರು ತಾನೇ ತಲೆ ಕೊಟ್ಟ, ಅವರು ಹೋದ ಮೇಲೆ ನನ್ನನ್ನು ಹಿಡಿದು ಝಾಡಿಸಿದ.

ಇಷ್ಟೆಲ್ಲ ಮಾಡಿದವನ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಮುಚ್ಚಿಡುವುದೇನು? ಅವನಲ್ಲಿಗೆ ಬರುತ್ತಿದ್ದ ನಾಲ್ಕು ಗಾಡಿಗಳಲ್ಲಿ ಒಂದರ ಕಾಯಿಲೆ ವೈರಿನಲ್ಲೇ ಇರುತ್ತಿತ್ತು, ನಾನೇ ಸರಿ ಮಾಡುತ್ತಿದ್ದೆ, ಗಿರಾಕಿ ಮಾತ್ರ ಹೋಗುವಾಗ ಕಿವಿ ಮೇಷ್ಟ್ರಿಗೆ ಕೈ ಮುಗಿಯುತ್ತಿದ್ದ. ನನಗೆ "ಬರ್ತೀನಪ್ಪಾ ವೈರು" ಅಷ್ಟೇ. ನಲವತ್ತು ದಾಟಿದರೂ ನಾನು ಅವನ ಕಿವಿಯ ತಮ್ಮ.

ಆ ಕಿವಿ ಮಂದವಾಗುತ್ತಿದೆ ಎಂಬ ಸೂಚನೆ ಇರಲಿಲ್ಲವೇ? ಇತ್ತು. ಫೋನು ಬಡಿದುಕೊಂಡರೂ ಎತ್ತುತ್ತಿರಲಿಲ್ಲ. ಆಮೇಲೆ ಅದನ್ನು ಅಂಗಿಯ ಜೇಬಿನಲ್ಲಿ ನಡುಗುವ ಹಾಗೆ ಇಟ್ಟುಕೊಂಡ. ಅತ್ತಿಗೆ ಅಡುಗೆಮನೆಯಿಂದ ಕರೆದರೆ ಎದ್ದು ಹೋಗಿ ಅವರ ಮುಖ ನೋಡುತ್ತಿದ್ದ. ಗಂಡಸರ ಮಾತು, ಲಾರಿಯ ಗುಡುಗು, ಬಾಗಿಲು ಬಡಿಯುವುದು, ಎಲ್ಲ ಕೇಳಿಸುತ್ತಿತ್ತು. ಸಣ್ಣ ಚೂಪು ಸದ್ದುಗಳು ಮಾತ್ರ ಅವನನ್ನು ಬಿಟ್ಟು ಹೋಗಿದ್ದವು. ನಾನು ಅದನ್ನೆಲ್ಲ ಅವನ ಗರ್ವ ಎಂದುಕೊಂಡಿದ್ದೆ.

ಹಲ್ಲಿನ ಡಾಕ್ಟರು ಬಂದದ್ದು ಆಗ. ಅವರ ಕ್ಲಿನಿಕ್ಕು ನಮ್ಮಿಂದ ನಾಲ್ಕು ಬೀದಿ ಆಚೆ. ನನ್ನ ದವಡೆ ಹಲ್ಲು ಕಿತ್ತವರು ಅವರೇ, ಅದಕ್ಕೇ ನನ್ನನ್ನು ಕಂಡರೆ ಮೊದಲು ಬಾಯಿ ನೋಡುತ್ತಿದ್ದರು. ಅವರ ಹತ್ತಿರ ತಂದೆಯ ಕಾಲದ ಒಂದು ದೊಡ್ಡ ಕಾರಿತ್ತು. ಕಬ್ಬಿಣದ ಕಪಾಟಿನಂಥ ಗಾಡಿ, ಏರು ರಸ್ತೆಯಲ್ಲಿ ಸೈಕಲ್ಲಿನವರೂ ಹಿಂದೆ ಹಾಕುತ್ತಿದ್ದರು. ವಾರಕ್ಕೊಮ್ಮೆ ಬೆಟ್ಟದ ಮೇಲಿನ ಊರಿನ ಆಸ್ಪತ್ರೆಗೆ ಹಲ್ಲು ನೋಡಲು ಹೋಗುತ್ತಿದ್ದ ಅವರಿಗೆ ಅದು ಅವಮಾನವಾಗಿತ್ತು. ಬೇರೆ ಊರಿನ ಯಾರೋ ಒಬ್ಬನಿಂದ ಆ ಎಂಜಿನ್ನಿಗೆ ಸೂಪರ್‌ಚಾರ್ಜರ್ ಕೂರಿಸಿಕೊಂಡು ಬಂದಿದ್ದರು.

ಅದು ಏನೆಂದು ಒಂದು ಮಾತಿನಲ್ಲಿ ಹೇಳುತ್ತೇನೆ. ಎಂಜಿನ್ನು ತನಗೆ ಬೇಕಾದಷ್ಟು ಗಾಳಿಯನ್ನು ತಾನೇ ಎಳೆದುಕೊಳ್ಳುತ್ತದೆ. ಸೂಪರ್‌ಚಾರ್ಜರ್ ಎಂಬುದು ಬೆಲ್ಟಿನಿಂದ ತಿರುಗುವ ಒಂದು ಪಂಪು, ಅದು ಗಾಳಿಯನ್ನು ಒತ್ತಿ ಒತ್ತಿ ಎಂಜಿನ್ನಿಗೆ ತುರುಕುತ್ತದೆ. ಗಾಳಿ ಹೆಚ್ಚಾದಷ್ಟು ಪೆಟ್ರೋಲೂ ಹೆಚ್ಚಾಗಬೇಕು. ಹೆಚ್ಚಾಗದಿದ್ದರೆ ಎರಡೂ ಬೆರೆತ ಮಿಕ್ಸ್ಚರ್ ತೆಳುವಾಗುತ್ತದೆ, ತೆಳುವಾದ ಮಿಕ್ಸ್ಚರ್ ವಿಪರೀತ ಬಿಸಿಯಾಗಿ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುತ್ತದೆ, ಪಿಸ್ಟನ್ನಿನ ತಲೆಗೆ ಸುತ್ತಿಗೆಯಿಂದ ಬಡಿದ ಹಾಗೆ. ಅದಕ್ಕೆ ನಾವು ನಾಕಿಂಗ್ ಅನ್ನುತ್ತೇವೆ. ಹೊರಗೆ ಕೇಳಿಸುವುದು ಮಾತ್ರ ಸಣ್ಣ ಸದ್ದು, ತಗಡಿನ ಡಬ್ಬಿಯಲ್ಲಿ ನಾಲ್ಕು ಕಾಳು ಹಾಕಿ ಅಲ್ಲಾಡಿಸಿದಂತೆ.

"ಊರೊಳಗೆ ಚೆನ್ನಾಗಿ ಓಡುತ್ತೆ. ಏರಲ್ಲಿ ತುಳಿದ್ರೆ ಬಿಕ್ಕಳಿಸುತ್ತೆ. ಕೂರಿಸಿದವನು, ಓಡ್ತಾ ಓಡ್ತಾ ಸರಿಹೋಗುತ್ತೆ ಅಂದ," ಎಂದರು ಡಾಕ್ಟರು.

"ನಿಮ್ಮ ಹತ್ರ ಬಂದವರಿಗೆ ಅಗೀತಾ ಅಗೀತಾ ಹಲ್ಲು ಸರಿಹೋಗುತ್ತೆ ಅಂತೀರೇನು?" ಎಂದ ಅಣ್ಣ. ಡಾಕ್ಟರು ನಕ್ಕರು. ನನಗೆ ನಗು ಬರಲಿಲ್ಲ. ಅವರು ಅತ್ತ ಹೋದ ಮೇಲೆ, "ಇದು ನಮಗೆ ಬೇಡ ಅಣ್ಣ. ಯಾರೋ ಕೆಡಿಸಿದ್ದು, ನಾವ್ಯಾಕೆ ಕೈ ಹಾಕ್ಬೇಕು?" ಎಂದೆ. ಅವನು ಬಾನೆಟ್ಟಿನೊಳಗೆ ತಲೆ ಹಾಕಿಯಾಗಿತ್ತು. ಹೊಸ ಯಂತ್ರ ಕಂಡರೆ ಅವನ ಕಣ್ಣು ಹಾಗೆ ಹೊಳೆಯುವುದನ್ನು ನಾನು ನೋಡಿ ಬಹಳ ವರ್ಷವಾಗಿತ್ತು.

ಒಂಬತ್ತು ದಿನ ಆ ಗಾಡಿಯ ಹಿಂದೆ ಬಿದ್ದೆವು. ಅಣ್ಣ ಮೊದಲು ಪ್ಲಗ್ಗುಗಳನ್ನು ಬಿಚ್ಚಿ ಕರವಸ್ತ್ರದ ಮೇಲೆ ಸಾಲಾಗಿ ಇಟ್ಟ. ನಾಲ್ಕೂ ಬಿಳಿಚಿಕೊಂಡಿದ್ದವು, ಮೂರನೆಯದು ಸುಣ್ಣದ ಹಾಗೆ. "ಪೆಟ್ರೋಲ್ ಸಾಲ್ತಿಲ್ಲ. ಎಲ್ಲೋ ಗಾಳಿ ಕದ್ದು ನುಗ್ತಿದೆ, ಇಲ್ಲಾ ಪೆಟ್ರೋಲ್ ದಾರೀಲಿ ಸಿಕ್ಕಿಹಾಕ್ಕೊಂಡಿದೆ," ಎಂದ. ಒಂದೊಂದಾಗಿ ನೋಡುತ್ತ ಹೋದ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದು ಅವನ ಪದ್ಧತಿ. ಎರಡು ಒಟ್ಟಿಗೆ ಬದಲಾಯಿಸಿದರೆ ಯಾವುದು ಮದ್ದಾಯಿತು ಎಂದು ಗೊತ್ತಾಗುವುದಿಲ್ಲ ಎನ್ನುತ್ತಿದ್ದ. ಗಾಳಿಯ ಕೊಳವೆಗಳಿಗೆಲ್ಲ ಸೋಪಿನ ನೀರು ಸವರಿ ಕಂಪ್ರೆಸರಿನಿಂದ ಗಾಳಿ ಊದಿದ. ಒಂದು ಕ್ಲಿಪ್ಪಿನ ಹತ್ತಿರ ನೊರೆ ಎದ್ದಿತು, ಬಿಗಿದ. ಬಿಕ್ಕಳಿಕೆ ಹೋಗಲಿಲ್ಲ. ಪೆಟ್ರೋಲ್ ಫಿಲ್ಟರ್ ಬಿಚ್ಚಿದ, ಒಳಗೆ ಹಳೇ ಟ್ಯಾಂಕಿನ ತುಕ್ಕು, ಬದಲಾಯಿಸಿದ. ಸ್ವಲ್ಪ ಕಡಿಮೆಯಾಯಿತು, ಹೋಗಲಿಲ್ಲ.

ಐದನೇ ದಿನ ನನ್ನ ಸರದಿ ಬಂತು. ಪೆಟ್ರೋಲ್ ಪಂಪಿಗೆ ಹೋಗುತ್ತಿದ್ದ ವೈರು ಗಾಡಿಯಷ್ಟೇ ಹಳೆಯದು, ಸೊರಗಿ ದಾರವಾಗಿತ್ತು. ಬ್ಯಾಟರಿಯಲ್ಲಿ ಹದಿಮೂರೂವರೆ ವೋಲ್ಟು, ಪಂಪಿನ ಬಾಯಲ್ಲಿ ಹತ್ತೂವರೆ. ದಪ್ಪ ವೈರು ಎಳೆದು, ರಿಲೇ ಹಾಕಿ, ಪಂಪಿಗೆ ಹೊಟ್ಟೆ ತುಂಬ ಕರೆಂಟು ಕೊಟ್ಟೆ. ಅಂದು ಅಣ್ಣ ನನ್ನ ಬೆನ್ನು ತಟ್ಟಿ, ಡಾಕ್ಟರ ಎದುರಿಗೇ, "ಇದು ನನ್ನ ತಮ್ಮ ಕಂಡುಹಿಡಿದಿದ್ದು," ಎಂದ. ಡಾಕ್ಟರು "ಹೌದಾ" ಎಂದು ಅಣ್ಣನ ಕೈ ಕುಲುಕಿದರು.

ಇಷ್ಟಾದರೂ ಕಡಿದಾದ ಏರಿನಲ್ಲಿ ಬಿಕ್ಕಳಿಕೆ ಇತ್ತು. ಎಂಟನೇ ದಿನ ಅಣ್ಣ ಪೆಟ್ರೋಲ್ ಒತ್ತಡ ತೋರಿಸುವ ಮೀಟರಿಗೆ ಉದ್ದನೆಯ ಕೊಳವೆ ಹಾಕಿ, ಅದನ್ನು ಬಾನೆಟ್ಟಿನ ಹೊರಗೆ ತಂದು, ಮುಂದಿನ ಗಾಜಿಗೆ ಟೇಪಿನಿಂದ ಅಂಟಿಸಿದ, ಓಡಿಸುತ್ತಲೇ ನೋಡಬೇಕೆಂದು. ಗಾಳಿಯ ಒತ್ತಡ ಏರಿದಂತೆ ಪೆಟ್ರೋಲಿನದೂ ಏರಬೇಕು. ಮುಳ್ಳು ಕದಲಲಿಲ್ಲ. ವಾಪಸ್ಸು ಬಂದು ಕೊಳವೆಗಳನ್ನು ಬೆರಳಲ್ಲಿ ಹಿಡಿದು ಹಿಡಿದು ಹೋದ. ಪೆಟ್ರೋಲಿನ ಒತ್ತಡ ಹೆಚ್ಚಿಸುವ ಬಿಲ್ಲೆಗೆ ಒಂದು ಪುಟ್ಟ ರಬ್ಬರ್ ಕೊಳವೆ ಇರುತ್ತದೆ, ಎಂಜಿನ್ನಿನೊಳಗೆ ಎಷ್ಟು ಗಾಳಿ ಒತ್ತುತ್ತಿದೆ ಎಂದು ಅದು ತಿಳಿಸಬೇಕು. ಕೂರಿಸಿದ ಪುಣ್ಯಾತ್ಮ ಅದನ್ನು ಸೂಪರ್‌ಚಾರ್ಜರಿನ ಆಚೆಗೆ, ಒತ್ತಡವೇ ಇಲ್ಲದ ಕಡೆ ಸಿಕ್ಕಿಸಿದ್ದ. ಅಣ್ಣ ಅದನ್ನು ಕಿತ್ತು ಸರಿಯಾದ ಜಾಗಕ್ಕೆ ಹಾಕಿ, ಗುಂಡಿಯ ಅಂಚಿನಲ್ಲಿ ಕೂತು ಬೀಡಿ ಹಚ್ಚಿದ. ಗೆದ್ದವನ ಬೀಡಿ.

ಒಂಬತ್ತನೇ ದಿನ ಬೆಳಿಗ್ಗೆ ಪರೀಕ್ಷೆಗೆ ಹೊರಟೆವು. ಡಾಕ್ಟರು ಸ್ಟಿಯರಿಂಗಿನಲ್ಲಿ, ಪಕ್ಕದಲ್ಲಿ ಅಣ್ಣ, ಹಿಂದೆ ನಾನು. ಏರು ಶುರುವಾಯಿತು, ಡಾಕ್ಟರು ತುಳಿದರು. ಗಾಜಿನ ಮೇಲಿನ ಮುಳ್ಳು ಗಾಳಿಯ ಜೊತೆ ಏರಿತು. ಬಿಕ್ಕಳಿಕೆಯೇ ಇಲ್ಲ. ಕಬ್ಬಿಣದ ಕಪಾಟು ಕುದುರೆಯಂತೆ ನುಗ್ಗಿತು. ಡಾಕ್ಟರು ಮಗುವಿನ ಹಾಗೆ ಕೇಕೆ ಹಾಕಿದರು. ಕಡೇ ತಿರುವಿನಲ್ಲಿ ಅಣ್ಣ, "ಇನ್ನೊಂದ್ಸಲ, ಪೂರ್ತಿ ತುಳೀರಿ," ಎಂದ. ಅವರು ಪೂರ್ತಿ ತುಳಿದರು.

ಆಗ ನನಗೆ ಕೇಳಿಸಿತು. ಸೂಪರ್‌ಚಾರ್ಜರಿನ ಊಳಿನ ಕೆಳಗೆ, ಡಬ್ಬಿಯಲ್ಲಿ ಕಾಳು. ಮೂರು ಸೆಕೆಂಡು, ನಾಲ್ಕು ಸೆಕೆಂಡು. ಡಾಕ್ಟರು ಕಾಲು ತೆಗೆದ ಕೂಡಲೇ ನಿಂತಿತು.

ನಾನು ಅಣ್ಣನ ಕಡೆ ನೋಡಿದೆ. ಅವನು ಕಣ್ಣು ಮುಚ್ಚಿ, ತಲೆ ಒಂದು ಕಡೆ ವಾಲಿಸಿ, ಬೆರಳನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟು ಕೇಳುತ್ತಿದ್ದ. ಮುಖದಲ್ಲಿ ಒಂದು ಗೆರೆ ಕದಲಿರಲಿಲ್ಲ. ಕಣ್ಣು ತೆರೆದು, "ಸರಿಹೋಯ್ತು. ಕ್ಲೀನ್ ಆಗಿದೆ. ಒಂದು ಸದ್ದಿಲ್ಲ," ಎಂದ.

ಆ ಕ್ಷಣದಲ್ಲಿ ಫೋನು, ಅತ್ತಿಗೆಯ ಕರೆ, ಎಲ್ಲ ಒಟ್ಟಿಗೆ ನನಗೆ ಅರ್ಥವಾಯಿತು. ಪೆಟ್ರೋಲು ಇನ್ನೂ ಸಾಲುತ್ತಿಲ್ಲ, ಅದನ್ನು ಎಂಜಿನ್ನಿಗೆ ಚಿಮ್ಮಿಸುವ ಆ ಹಳೇ ಇಂಜೆಕ್ಟರುಗಳು ತಮ್ಮ ಶಕ್ತಿ ಮುಗಿಸಿವೆ, ಪೂರ್ತಿ ತುಳಿದರೆ ಮೇಲ್ತುದಿಯಲ್ಲಿ ಮಿಕ್ಸ್ಚರ್ ತೆಳುವಾಗುತ್ತಿದೆ, ಎಲ್ಲ ಹೊಳೆಯಿತು. ಬಾಯಿ ತೆರೆದೆ. ಎದುರಿಗೆ ಗಿರಾಕಿ ಕೂತಿದ್ದರು. ಬಾಯಿ ಮುಚ್ಚಿದೆ.

ಇಲ್ಲಿಗೇ ನಿಲ್ಲಿಸಿದರೆ ನಾನು ಕಾನೂನು ಪಾಲಿಸಿದ ಒಳ್ಳೆಯ ತಮ್ಮನಾಗುತ್ತೇನೆ. ಆದರೆ ಶೆಡ್ಡಿಗೆ ಬಂದ ಮೇಲೆ ಸಿಂಕಿನ ಹತ್ತಿರ ನಾವಿಬ್ಬರೇ ಇದ್ದೆವು. ಡಾಕ್ಟರು ಹೊರಗೆ ಗಾಡಿಯನ್ನು ಒರೆಸುತ್ತಿದ್ದರು. ನಾನು, "ಅಣ್ಣ, ಪ್ಲಗ್ ಇನ್ನೊಂದ್ಸಲ ತೆಗೆದು ನೋಡೋಣ್ವಾ?" ಎಂದೆ.

"ಯಾಕೆ?"

"ಸುಮ್ನೆ. ಒಂದ್ಸಲ."

"ನನ್ನ ಕಿವಿ ಮೇಲೆ ನಂಬಿಕೆ ಹೋಯ್ತೇನೋ ನಿಂಗೆ?"

ಅವನು ಅದನ್ನು ನಗುತ್ತಲೇ ಕೇಳಿದ. 'ಹೌದು ಅಣ್ಣ, ಹೋಯಿತು' ಎನ್ನಲು ಒಂದು ಉಸಿರು ಸಾಕಿತ್ತು. ನಾನು ಟವೆಲ್ಲಿನಿಂದ ಕೈ ಒರೆಸಿಕೊಂಡು, "ಹಾಗಲ್ಲ ಬಿಡು," ಎಂದೆ. ಯಾಕೆ ಎಂದು ಆರು ವರ್ಷ ನನ್ನನ್ನೇ ಕೇಳಿಕೊಂಡಿದ್ದೇನೆ. ಅವನಿಗೆ ನೋವಾಗುತ್ತದೆ ಎಂದೂ ಇತ್ತು. ಅದರ ಜೊತೆಗೆ, ತಳದಲ್ಲಿ, ಒಂದು ಸಲ ಈ ಕಿವಿ ತಪ್ಪಲಿ, ಎಲ್ಲರಿಗೂ ಗೊತ್ತಾಗಲಿ ಎಂಬ ಆಸೆಯೂ ಇತ್ತು. ಗಾಡಿ ಮತ್ತೆ ಬಿಕ್ಕಳಿಸಿಕೊಂಡು ವಾಪಸ್ಸು ಬರುತ್ತದೆ, ಆಗ ನೋಡಿಕೊಳ್ಳೋಣ, ಅಷ್ಟೇ ಅಂದುಕೊಂಡಿದ್ದೆ. ಹೊರಗೆ ಗಾಡಿ ಸ್ಟಾರ್ಟ್ ಆಗಿ ಗೇಟು ದಾಟಿದ ಸದ್ದು ಕೇಳಿತು.

ನಾಲ್ಕು ದಿನ ಕಳೆದು ಬೆಟ್ಟದ ರಸ್ತೆಯಲ್ಲಿ ಡಾಕ್ಟರು ಒಂದು ಉದ್ದನೆಯ ಲಾರಿಯನ್ನು ಹಿಂದೆ ಹಾಕಲು ಹೋದರು. ಪೂರ್ತಿ ತುಳಿದರು. ಅರ್ಧ ದಾರಿಯಲ್ಲಿ ಎಂಜಿನ್ನು ಸತ್ತಿತು, ಬಿಳೀ ಹೊಗೆ ಗಾಜು ಮುಚ್ಚಿತು. ಮೇಲಿನಿಂದ ಬಸ್ಸು ಇಳಿಯುತ್ತಿತ್ತು. ಅವರು ಸ್ಟಿಯರಿಂಗ್ ತಿರುಗಿಸಿ ಬಂಡೆಗೆ ಹೊಡೆದರು. ಜೀವ ಉಳಿಯಿತು. ಬಾಗಿಲಿಗೂ ಬಂಡೆಗೂ ನಡುವೆ ಬಲಗೈ ಸಿಕ್ಕಿತ್ತು. ಮೂರು ಬೆರಳು ತೆಗೆದರು, ಉಳಿದ ಎರಡು ಮಡಚುವುದಿಲ್ಲ. ಹಲ್ಲಿನ ಡಾಕ್ಟರಿಗೆ ಬಲಗೈ.

ಗಾಡಿಯನ್ನು ಎಳೆದು ತಂದವರು ಒಳಗಿದ್ದ ಚೀಟಿಯಲ್ಲಿ ನಮ್ಮ ವಿಳಾಸ ನೋಡಿ ನಮ್ಮಲ್ಲೇ ಬಿಟ್ಟು ಹೋದರು. ಅಣ್ಣ ಎರಡು ದಿನ ಅದರ ಹತ್ತಿರ ಹೋಗಲಿಲ್ಲ. "ಆ ಕೂರಿಸಿದವನು ಏನೋ ಮಾಡಿಟ್ಟಿದ್ದಾನೆ, ನನಗೆ ಕಾಣದ್ದು," ಎಂದು ಗೊಣಗುತ್ತಿದ್ದ. ಮೂರನೇ ದಿನ ಮಧ್ಯಾಹ್ನ ಎಂಜಿನ್ನಿನ ಮೇಲಿನ ಹೆಡ್ ಬಿಚ್ಚಿದ. ಮೂರನೇ ಪಿಸ್ಟನ್ನಿನ ಅಂಚಿನಲ್ಲಿ ಬೆರಳು ತೂರುವಷ್ಟು ತೂತು. ಅದನ್ನು ಅವನು ಹೆಚ್ಚು ನೋಡಲಿಲ್ಲ. ಉಳಿದ ಮೂರನ್ನು ಹೊರತೆಗೆದು ಸೀಮೆಎಣ್ಣೆಯಲ್ಲಿ ತೊಳೆದು, ಬಾಗಿಲ ಬೆಳಕಿಗೆ ತಂದು, ಕನ್ನಡಕ ಹಾಕಿಕೊಂಡು ಒಂದೊಂದನ್ನೂ ತಿರುಗಿಸಿ ನೋಡಿದ. ಅಂಚೆಲ್ಲ ಗೆದ್ದಲು ತಿಂದಂತೆ ಕೊರೆದಿತ್ತು. ಬಹಳ ಹೊತ್ತು ನೋಡಿದ. ಆ ಹೊತ್ತಿನಲ್ಲಿ ನಾನು ನನ್ನ ಬೆಂಚಿನಲ್ಲಿ ಒಂದೇ ಸ್ಕ್ರೂವನ್ನು ಬಿಗಿದು ಬಿಚ್ಚಿ ಬಿಗಿದು ಮಾಡುತ್ತಿದ್ದೆ.

"ಬಾ ಇಲ್ಲಿ," ಎಂದ.

ಹೋದೆ.

"ಇದು ನಾಕಿಂಗ್ ಕೆಲಸ. ತೂತು ಆಕ್ಸಿಡೆಂಟ್ ಆದ ದಿನಾನೇ ಬಿದ್ದಿರಬಹುದು. ಆದ್ರೆ ಇಷ್ಟು ಕೊರೆಯೋಕೆ ಒಂದು ದಿನ ಸಾಲದು. ಡಾಕ್ಟ್ರು ಪೂರ್ತಿ ತುಳಿದಾಗೆಲ್ಲ ಹೊಡ್ಕೊಂಡಿದೆ." ಪಿಸ್ಟನ್ನನ್ನು ನನ್ನ ಕೈಗೆ ಕೊಟ್ಟ. "ಅಂದ್ರೆ ನಾವು ಹೋಗಿದ್ದ ದಿನಾನೂ ಹೊಡ್ಕೊಂಡಿರಬೇಕು. ಪೂರ್ತಿ ತುಳಿಸಿದ್ದು ನಾನೇ." ನನ್ನ ಮುಖವನ್ನೇ ನೋಡಿದ. ಅವನು ಈಚೆಗೆ ಎಲ್ಲರ ಮುಖವನ್ನೂ ಹಾಗೇ ನೋಡುತ್ತಿದ್ದದ್ದು ತುಟಿಯ ಚಲನೆ ಹಿಡಿಯಲು. "ನೀನು ಹಿಂದಿನ ಸೀಟಲ್ಲಿದ್ದೆ. ಕೇಳಿಸ್ತಾ?"

ಸುಳ್ಳು ಹೇಳುವ ಧೈರ್ಯವೂ ನನಗಿರಲಿಲ್ಲ. "ಕೇಳಿಸ್ತು," ಎಂದೆ.

"ಮತ್ತೆ ಯಾಕೆ ಹೇಳ್ಲಿಲ್ಲ?"

"ಡಾಕ್ಟ್ರು ಇದ್ರು ಅಣ್ಣ. ಗಿರಾಕಿ ಮುಂದೆ..."

"ಇಲ್ಲಿಗೆ ಬಂದ ಮೇಲೆ?"

ನಾನು ಪಿಸ್ಟನ್ನನ್ನು ನೋಡುತ್ತ ನಿಂತೆ.

"ನಂಗೆ ಕಿವಿ ಇರ್ಲಿಲ್ಲ," ಎಂದ ಅಣ್ಣ. ಆ ಮಾತನ್ನು ಅವನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. "ನಿಂಗಿತ್ತಲ್ಲೋ."

ಅವನು ನನ್ನನ್ನು ಹೊಡೆಯಬಹುದಿತ್ತು. ಹೊಡೆದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡು ಮನೆಗೆ ಹೋದ. ಸಂಜೆ ಅತ್ತಿಗೆ ನನ್ನನ್ನು ಅಡುಗೆಮನೆಗೆ ಕರೆದು, "ಮೂರು ವರ್ಷದಿಂದ ಕಿವಿ ಹೀಗೇ ಇದೆ ಕಣಪ್ಪ. ತಮ್ಮಂಗೆ ಹೇಳ್ಬೇಡ, ಗೊತ್ತಾದ್ರೆ ನನ್ನ ಮೂಲೇಲಿ ಕೂರಿಸ್ತಾನೆ ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡಿದ್ರು. ನಾನಾದ್ರೂ ಹೇಳ್ಬೇಕಿತ್ತು," ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ನನಗೆ ಕೇಳಿಸಿತ್ತು ಎಂಬುದನ್ನು ಅಣ್ಣ ಅವರಿಗೂ ಹೇಳಿರಲಿಲ್ಲ. ನಾನೂ ಹೇಳಲಿಲ್ಲ. ಅವರು ಅಳುತ್ತಿದ್ದರು, ನಾನು ಲೋಟದಲ್ಲಿ ನೀರು ಕೊಟ್ಟೆ.

ಮರುದಿನ ಬೆಳಿಗ್ಗೆ ಅಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಆಸ್ಪತ್ರೆಗೆ ಹೊರಟ. ನಾನೂ ಹಿಂದೆ ಹೋದೆ. ಎರಡನೇ ಮಹಡಿಯ ಕೊನೆಯ ಕೋಣೆ, ಕಿಟಕಿಯ ಪಕ್ಕದ ಮಂಚ. ಡಾಕ್ಟರ ಕೈ ದಿಂಬಿನ ಮೇಲೆ ಬ್ಯಾಂಡೇಜಿನ ಉಂಡೆಯಾಗಿ ಮಲಗಿತ್ತು. ನಮ್ಮನ್ನು ಕಂಡು ಅವರೇ, "ತಪ್ಪು ನಂದೇ ಮೇಷ್ಟ್ರೇ. ಹಳೇ ಗಾಡಿಗೆ ಅದೆಲ್ಲ ಹಾಕಿಸಬಾರದಿತ್ತು," ಎಂದರು. ಅಷ್ಟಕ್ಕೇ ಕೈ ತೊಳೆದುಕೊಂಡು ಬರಬಹುದಿತ್ತು. ಬೇರೆ ಯಾವ ಮೆಕ್ಯಾನಿಕ್ಕೇ ಆಗಿದ್ದರೂ ಬರುತ್ತಿದ್ದ.

ಅಣ್ಣ ನಿಂತೇ ಹೇಳಿದ. "ಅಲ್ಲ ಡಾಕ್ಟ್ರೇ. ನಾವು ಪರೀಕ್ಷೆ ಮಾಡಿದ ದಿನಾನೇ ಎಂಜಿನ್ ಕೂಗ್ತಿತ್ತು. ನನಗೆ ಕೇಳಿಸಲಿಲ್ಲ. ಮೂರು ವರ್ಷದಿಂದ ಆ ಸದ್ದು ನನಗೆ ಕೇಳಿಸ್ತಿಲ್ಲ. ಗೊತ್ತಿದ್ದೂ ಮುಚ್ಚಿಟ್ಟು ನಿಮ್ಮ ಗಾಡಿ ಹಿಡಿದೆ. ಇದು ನನ್ನಿಂದ ಆಗಿದ್ದು."

ಡಾಕ್ಟರು ಅವನನ್ನು ನೋಡಿದರು. ಆಮೇಲೆ ಅವರ ಕಣ್ಣು ಮಂಚದ ಕಾಲ ಹತ್ತಿರ ನಿಂತಿದ್ದ ನನ್ನ ಕಡೆಗೂ ಬಂತು. ಆ ಕಾರಿನಲ್ಲಿ ಮೂವರಿದ್ದೆವು ಎಂದು ಅವರಿಗೆ ನೆನಪಿತ್ತೋ ಇಲ್ಲವೋ. ಅಣ್ಣ ನನ್ನ ಕಡೆ ತಿರುಗಲಿಲ್ಲ. ಗಿರಾಕಿ ಎದುರು ಒಂದೇ ಬಾಯಿ ಎಂಬ ತನ್ನ ಕಾನೂನನ್ನು ಅವನು ಅಲ್ಲೂ ಪಾಲಿಸಿದ. ನಾನು ಮಾತಾಡಬೇಕಾದ ಜಾಗ ಅದು. ಮಾತು ನುಂಗಿದೆ. ಡಾಕ್ಟರು ಗೋಡೆಯ ಕಡೆಗೆ ಹೊರಳಿ, "ಹೊರಗೆ ಹೋಗಿ," ಎಂದರು.

ಅಣ್ಣ ಆಮೇಲೆ ಒಂದು ಎಂಜಿನ್ನನ್ನೂ ಮುಟ್ಟಲಿಲ್ಲ. ಶೆಡ್ಡಿಗೆ ದಿನವೂ ಬರುತ್ತಿದ್ದ. ನೆಲ ಗುಡಿಸುತ್ತಿದ್ದ, ನಟ್ಟು ಬೋಲ್ಟು ತೊಳೆದು ಡಬ್ಬಿಗಳಿಗೆ ವಿಂಗಡಿಸುತ್ತಿದ್ದ. ಎಂಜಿನ್ ಕೆಲಸಕ್ಕೆ ನಾನು ಬೇರೆಯವನನ್ನು ಇಟ್ಟುಕೊಂಡೆ. ಊರಿಗೆಲ್ಲ ಸುದ್ದಿ ಹಬ್ಬಿತು, ಹಬ್ಬಿಸಿದವನು ಅಣ್ಣನೇ, ಕೇಳಿದವರಿಗೆಲ್ಲ ತಾನೇ ಹೇಳುತ್ತಿದ್ದ. ಗಿರಾಕಿಗಳು ಈಗ ನನಗೆ ಕೈ ಮುಗಿಯತೊಡಗಿದರು. ಬಿದ್ದ ಅಣ್ಣನನ್ನು ಬಿಡದೆ ನೋಡಿಕೊಳ್ಳುವ ತಮ್ಮ ಎಂದು ನನಗೆ ಹೊಗಳಿಕೆ ಬೇರೆ. ಮನೆಯಲ್ಲಿ ಅವನು ನನ್ನೊಂದಿಗೆ ಮಾತು ಬಿಟ್ಟಿರಲಿಲ್ಲ. ಉಪ್ಪು ಕೊಡು, ಬಲ್ಬು ಹೋಗಿದೆ ನೋಡು, ಎಲ್ಲ ಇತ್ತು. ಗಾಡಿಯ ಬಗ್ಗೆ ಮಾತ್ರ ಎಂದೂ ಏನೂ ಕೇಳಲಿಲ್ಲ.

ವರ್ಷಕ್ಕೆ ಎರಡು ಮೂರು ಸಲ ಆ ಇಸ್ತ್ರಿ ಅಂಗಿ ಹಾಕಿಕೊಂಡು ಡಾಕ್ಟರ ಕ್ಲಿನಿಕ್ಕಿಗೆ ಹೋಗುತ್ತಿದ್ದ. ಬೆಳಿಗ್ಗೆ ಹೋದವನು ಮಧ್ಯಾಹ್ನ ಬರುತ್ತಿದ್ದ. "ಸಿಕ್ಕಿದ್ರಾ?" ಎಂದು ಅತ್ತಿಗೆ ಕೇಳಿದರೆ, "ಬಿಜಿ ಇದ್ರು," ಎನ್ನುತ್ತಿದ್ದ. ಕ್ಷಮಿಸಿ ಎಂದು ಕೇಳುವುದಕ್ಕಲ್ಲ, ಒಂದು ಸಲ ಎದುರು ಕೂತು ಬರುವುದಕ್ಕೆ, ಎಂದು ಒಮ್ಮೆ ಅತ್ತಿಗೆಗೆ ಹೇಳಿದನಂತೆ. ಸಾಯುವ ಹಿಂದಿನ ತಿಂಗಳೂ ಹೋಗಿದ್ದ. ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಗುಂಡಿಯ ಅಂಚಿನಲ್ಲಿ ಕೂತವನು ಮತ್ತೆ ಏಳಲಿಲ್ಲ.

ಕಳೆದ ವಾರ ನಾನು ಆ ಕ್ಲಿನಿಕ್ಕಿಗೆ ಹೋದೆ. ಹೆಸರು ಬರೆಸಿದೆ, ರೋಗಿ ಎಂದುಕೊಂಡು ಒಳಗೆ ಬಿಟ್ಟರು. ಹಲ್ಲಿನ ಕೆಲಸವನ್ನು ಈಗ ಒಬ್ಬ ಹುಡುಗಿ ಡಾಕ್ಟರು ಮಾಡುತ್ತಾರೆ. ಇವರು ಮೇಜಿನ ಹಿಂದೆ ಕೂತು ಎಕ್ಸ್‌ರೇ ನೋಡಿ ಹೇಳುತ್ತಾರೆ, ಎಡಗೈಯಲ್ಲಿ ಬರೆಯುತ್ತಾರೆ. ಬಲಗೈ ತೊಡೆಯ ಮೇಲಿತ್ತು. ನನ್ನ ಗುರುತು ಹಿಡಿದರು, ಕೂರಿ ಎನ್ನಲಿಲ್ಲ. ನಾನು ನಿಂತೇ ಎಲ್ಲ ಹೇಳಿದೆ. ಸದ್ದು ಕೇಳಿಸಿದ್ದು, ಸಿಂಕಿನ ಹತ್ತಿರ ನುಂಗಿದ್ದು, ಆಸ್ಪತ್ರೆಯಲ್ಲಿ ಇನ್ನೊಮ್ಮೆ ನುಂಗಿದ್ದು. ಅಣ್ಣ ತಪ್ಪಲಿ ಎಂದು ಆಸೆಪಟ್ಟದ್ದನ್ನೂ ಹೇಳಿದೆ.

ಅವರು ಪೆನ್ನನ್ನು ಮೇಜಿನ ಮೇಲಿಟ್ಟರು. "ನಿಮಗೆ ಕೇಳಿಸಿತ್ತು ಅಂತ ಅವರಿಗೆ ಗೊತ್ತಿತ್ತಾ?" ಎಂದರು.

"ಗೊತ್ತಿತ್ತು."

"ಆಸ್ಪತ್ರೆಗೆ ಬಂದಾಗ?"

"ಆಗಲೂ ಗೊತ್ತಿತ್ತು."

"ಹದಿನಾಲ್ಕು ಸಲ ಬಂದಿದ್ರು ನಿಮ್ಮಣ್ಣ," ಎಂದರು ಡಾಕ್ಟರು. "ಆ ಹೊರಗಿನ ಬೆಂಚಲ್ಲಿ ಕೂತಿರೋರು. ಈ ಗಾಜಿಂದ ನನಗೆ ಕಾಣ್ತಿತ್ತು. ಒಂದ್ಸಲಾನೂ ಒಳಗೆ ಕರೀಲಿಲ್ಲ. ಅವರೊಬ್ಬರೇ ಮಾಡಿದ್ದು ಅಂತ ಇದ್ದಬದ್ದ ಸಿಟ್ಟೆಲ್ಲ ಅವರ ಮೇಲೇ ಇಟ್ಕೊಂಡು ಕೂತಿದ್ದೆ." ಅವರ ದನಿ ಏರಲಿಲ್ಲ. "ಈ ಮಾತು ಮೂರು ತಿಂಗಳು ಮುಂಚೆ ಬಂದು ಹೇಳಿದ್ರೆ ಕರೀತಿದ್ದೆ ಕಣ್ರೀ."

ನಾನು ಏನೋ ಹೇಳಲು ಹೋದೆ. ಮುಂದಿನ ರೋಗಿಯನ್ನು ಕರೆಯಲು ಅವರು ಎಡಗೈಯಿಂದ ಗಂಟೆ ಒತ್ತಿದರು. ನಾನು ಹೊರಗೆ ಬಂದೆ. ಬೆಂಚಿನ ಮೇಲೆ ಒಬ್ಬ ಹೆಂಗಸು ಕೆನ್ನೆ ಹಿಡಿದುಕೊಂಡು ಕೂತಿದ್ದರು, ಅವರು ಎದ್ದು ಒಳಗೆ ಹೋದರು.